ಓದುಗರ ಪ್ರಶ್ನೆ: ಸಸ್ಯಸಾರಕ್ಕೆ ನ್ಯಾನೊ ವಾಹನ, ಮಧುಮೇಹದ ತೊಡಕುಗಳಿಗೆ ಎಷ್ಟು ಆಸರೆ?

ಮಧುಮೇಹವು ಕಣ್ಣು, ಮೂತ್ರಪಿಂಡ, ನರ ಮತ್ತು ಪಾದಗಳಿಗೆ ಮಾಡುವ ಹಾನಿಯ ಕುರಿತು ಈ ಅಂಕಣದಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದಿಕ್ಕಿಗೆ ತಿರುಗಿದ್ದವು. ಗಿಡಮೂಲಿಕೆಗಳ ಸಾರವನ್ನು ನ್ಯಾನೊ ಕಣಗಳಲ್ಲಿ ತುಂಬಿ ಕೊಟ್ಟರೆ ಈ ತೊಡಕುಗಳನ್ನು ತಡೆಯಬಹುದೇ ಎಂಬುದು ಆ ಪತ್ರಗಳ ತಿರುಳು. ಔಷಧಶಾಸ್ತ್ರವನ್ನು ಕಲಿಸುತ್ತ, ಮಧುಮೇಹಿಗಳ ಚಿಕಿತ್ಸೆಯನ್ನೂ ಮಾಡುತ್ತ ಬಂದಿರುವ ನನಗೆ ಈ ವಿಷಯ ಎರಡೂ ಕಡೆಯಿಂದ ಹತ್ತಿರದ್ದು. ಆದ್ದರಿಂದ ಈ ಬಾರಿಯ ಅಂಕಣವನ್ನು ಇಡಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನ ತಂದೆಯವರಿಗೆ 14 ವರ್ಷಗಳಿಂದ ಮಧುಮೇಹವಿದೆ. ಮೆಟ್‌ಫಾರ್ಮಿನ್ ಮಾತ್ರೆ ನುಂಗುತ್ತಾರೆ. ಈಚೆಗೆ ರಾತ್ರಿಯ ಹೊತ್ತು ಪಾದಗಳು ಉರಿಯುತ್ತವೆ ಎನ್ನುತ್ತಾರೆ. ಪರಿಚಯದವರೊಬ್ಬರು ‘ನ್ಯಾನೊ ಕರ್ಕ್ಯುಮಿನ್’ ಎಂಬ ಕ್ಯಾಪ್ಸೂಲ್ ತಂದುಕೊಟ್ಟು, ಮಾಮೂಲಿ ಅರಿಶಿನಕ್ಕಿಂತ ಇದು ನೂರಾರು ಪಟ್ಟು ಶಕ್ತಿಯುಳ್ಳದ್ದು ಎಂದಿದ್ದಾರೆ. ಇದು ನಿಜವೇ? ನ್ಯಾನೊ ಎಂದರೆ ನಿಜಕ್ಕೂ ಏನು ಮಾಡುತ್ತಾರೆ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಸಂಗತಿಗಳು ಹೆಣೆದುಕೊಂಡಿವೆ. ನುಂಗಿದ ವಸ್ತು ರಕ್ತಕ್ಕೆ ಎಷ್ಟು ಸೇರುತ್ತದೆ ಎಂಬುದು ಒಂದು, ಸೇರಿದ್ದು ರೋಗದ ಮೇಲೆ ಏನು ಮಾಡುತ್ತದೆ ಎಂಬುದು ಇನ್ನೊಂದು. ನ್ಯಾನೊ ತಂತ್ರಜ್ಞಾನವು ಕೈಹಾಕುವುದು ಮೊದಲನೆಯದಕ್ಕೆ. ‘ನೂರಾರು ಪಟ್ಟು ಶಕ್ತಿ’ ಎಂಬ ಮಾತು ಅದನ್ನು ಎರಡನೆಯದರ ಲೆಕ್ಕಕ್ಕೆ ಬರೆದುಬಿಡುತ್ತದೆ.

ಒಣಗಿದ ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಎಂಬ ಹಳದಿ ವಸ್ತು ಸಾಮಾನ್ಯವಾಗಿ ನೂರಕ್ಕೆ ಮೂರು ಪಾಲಿನ ಆಸುಪಾಸಿನಲ್ಲಿರುತ್ತದೆ. ಅದು ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬಹುದು. ಅಲ್ಪಸ್ವಲ್ಪ ಕರಗಿ ಕರುಳಿನ ಗೋಡೆಯನ್ನು ದಾಟಿದ್ದನ್ನೂ ಕರುಳಿನ ಮತ್ತು ಯಕೃತ್ತಿನ ಕಿಣ್ವಗಳು ಹಿಡಿದು, ಅದಕ್ಕೆ ಗ್ಲುಕುರೋನಿಕ್ ಆಮ್ಲವನ್ನೋ ಸಲ್ಫೇಟನ್ನೋ ಅಂಟಿಸಿ, ದೇಹದಿಂದ ಹೊರಹಾಕಲು ಸಿದ್ಧಗೊಳಿಸುತ್ತವೆ. ಹೀಗಾಗಿ ಗ್ರಾಂಗಟ್ಟಲೆ ನುಂಗಿದರೂ ರಕ್ತದಲ್ಲಿ ಮುಕ್ತ ರೂಪದ ಕರ್ಕ್ಯುಮಿನ್ ಹುಡುಕಿದರೆ ಸಿಕ್ಕೀತು ಎನ್ನುವಷ್ಟು ಕಡಿಮೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2 ಗ್ರಾಂ ಕರ್ಕ್ಯುಮಿನ್ ಜೊತೆಗೆ ಮೆಣಸಿನ ಸಾರವಾದ ಪೈಪರಿನ್ ಅನ್ನು 20 ಮಿಲಿಗ್ರಾಂ ಕೊಟ್ಟು, ಮನುಷ್ಯರಲ್ಲಿ ಹೀರಿಕೆಯು ಶೇ 2000ದಷ್ಟು ಹೆಚ್ಚಿದ್ದನ್ನು ವರದಿ ಮಾಡಿದರು. ಪೈಪರಿನ್ ಆ ಕಿಣ್ವಗಳ ಕೈ ಕಟ್ಟಿಹಾಕುತ್ತದೆ. ನ್ಯಾನೊ ವಿಧಾನ ಹಿಡಿಯುವ ದಾರಿ ಬೇರೆ: ಅದು ಕರಗದ ವಸ್ತುವನ್ನು ಕರಗಿದಂತೆ ವರ್ತಿಸುವ ಹಾಗೆ ಮಾಡುತ್ತದೆ.

ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳಿಗೆ ನಾನು ಎರಡು ಗಾಜಿನ ಪಾತ್ರೆಗಳನ್ನು ತೋರಿಸುತ್ತೇನೆ. ಒಂದರಲ್ಲಿ ನೀರಿಗೆ ಹಾಕಿದ ಕರ್ಕ್ಯುಮಿನ್ ಪುಡಿ. ಎಷ್ಟು ಕಲಕಿದರೂ ಹಳದಿ ಚುಕ್ಕೆಗಳಾಗಿ ಮೇಲೆ ತೇಲುತ್ತದೆ, ಗಾಜಿಗೆ ಮೆತ್ತಿಕೊಳ್ಳುತ್ತದೆ, ಸ್ವಲ್ಪ ಹೊತ್ತಿಗೆ ತಳಕ್ಕಿಳಿಯುತ್ತದೆ. ಇನ್ನೊಂದರಲ್ಲಿ ಅಷ್ಟೇ ಕರ್ಕ್ಯುಮಿನ್ ಕೊಬ್ಬಿನ ಸೂಕ್ಷ್ಮ ಕಣಗಳೊಳಗೆ ಸೇರಿಕೊಂಡಿದೆ. ನೋಡಲು ತಿಳಿಯಾದ ಹೊನ್ನಿನ ಬಣ್ಣದ ದ್ರವ, ಆಚೆ ಬದಿಯ ಅಕ್ಷರಗಳನ್ನು ಓದಬಹುದು. ಅದರ ಮೂಲಕ ಲೇಸರ್ ಬೆಳಕನ್ನು ಹಾಯಿಸಿದರೆ ಮಾತ್ರ ದ್ರವದೊಳಗೆ ಬೆಳಕಿನ ಗೆರೆಯೊಂದು ಮೂಡಿ, ಕಣ್ಣಿಗೆ ಕಾಣದ ಕಣಗಳು ಅಲ್ಲಿವೆ ಎಂಬುದನ್ನು ಹೇಳಿಬಿಡುತ್ತದೆ. ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗ. ಕೂದಲೆಳೆಯ ದಪ್ಪ ಸುಮಾರು 80 ಸಾವಿರದಿಂದ 1 ಲಕ್ಷ ನ್ಯಾನೊಮೀಟರ್. ಔಷಧ ಸಾಗಿಸುವ ಕಣಗಳು ಹೆಚ್ಚಾಗಿ 50ರಿಂದ 300 ನ್ಯಾನೊಮೀಟರ್ ಒಳಗಿನವು. ಇಷ್ಟು ಚಿಕ್ಕದಾಗಿಸುವುದರ ಲಾಭವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಪ್ರತಿ ಬದಿಯೂ 1 ಮಿಲಿಮೀಟರ್ ಇರುವ ಒಂದು ಹರಳಿನ ಹೊರಮೈ 6 ಚದರ ಮಿಲಿಮೀಟರ್ ಮಾತ್ರ. ಅದೇ ಹರಳನ್ನು 100 ನ್ಯಾನೊಮೀಟರಿನ ತುಣುಕುಗಳಾಗಿ ಕತ್ತರಿಸಿದರೆ ಎಲ್ಲ ತುಣುಕುಗಳ ಹೊರಮೈ ಸೇರಿ, ನಾವು ಬರೆಯುವ ಎ4 ಹಾಳೆಯ ಒಂದು ಬದಿಗೆ ಹೆಚ್ಚುಕಡಿಮೆ ಸಮನಾಗುತ್ತದೆ. ಕರಗುವ ಕ್ರಿಯೆ ನಡೆಯುವುದು ಹೊರಮೈಯಲ್ಲಿಯೇ.

ಕಣಗಳಲ್ಲಿ ಹಲವು ಬಗೆಗಳಿವೆ. ಜೀವಕೋಶದ ಪೊರೆಯಂತೆಯೇ ಫಾಸ್ಫೊಲಿಪಿಡ್‌ನ ಎರಡು ಪದರಗಳಿಂದಾದ ಲಿಪೊಸೋಮ್, ಗಟ್ಟಿ ಕೊಬ್ಬಿನ ಕಣ, ದೇಹದಲ್ಲಿ ಕ್ರಮೇಣ ಕರಗುವ ಪಾಲಿಮರ್ ಕಣ, ಹೊಟ್ಟೆಯ ದ್ರವ ತಗಲಿದೊಡನೆ ತಾನೇ ಸೂಕ್ಷ್ಮ ಹನಿಗಳಾಗಿ ಒಡೆಯುವ ಎಣ್ಣೆಯ ಮಿಶ್ರಣ ಇವು ಮುಖ್ಯವಾದವು. ಇವುಗಳಿಂದ ಹೀರಿಕೆ ಹೆಚ್ಚುವುದು ನಿಜ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ‘ನೂರಾರು ಪಟ್ಟು’ ಎಂಬ ಅಂಕಿಯನ್ನು ಹೇಗೆ ಅಳೆದರು ಎಂದು ಕೇಳಬೇಕು. ಅನೇಕ ಅಧ್ಯಯನಗಳಲ್ಲಿ ರಕ್ತದ ಮಾದರಿಗೆ ಮೊದಲು ಒಂದು ಕಿಣ್ವವನ್ನು ಬೆರೆಸಿ, ಗ್ಲುಕುರೋನಿಕ್ ಆಮ್ಲ ಅಂಟಿಕೊಂಡ ಕರ್ಕ್ಯುಮಿನ್ ಅನ್ನೂ ಬಿಡಿಸಿ, ‘ಒಟ್ಟು ಕರ್ಕ್ಯುಮಿನ್’ ಎಂದು ಎಣಿಸುತ್ತಾರೆ. ದೇಹವು ಹೊರಹಾಕಲೆಂದು ಕಟ್ಟಿಟ್ಟ ಗಂಟನ್ನೂ ಜಮೆಯ ಲೆಕ್ಕಕ್ಕೆ ಸೇರಿಸಿದಂತೆ ಇದು. ಮುಕ್ತ ರೂಪವನ್ನಷ್ಟೇ ಎಣಿಸಿದಾಗ ಅಂಕಿ ಬಹಳ ಕೆಳಗಿಳಿಯುತ್ತದೆ. ಔಷಧ ರಸಾಯನಶಾಸ್ತ್ರದ ಪ್ರಮುಖ ಪತ್ರಿಕೆಯೊಂದರಲ್ಲಿ 2017ರಲ್ಲಿ ಬಂದ ವಿಮರ್ಶೆಯು ಕರ್ಕ್ಯುಮಿನ್ ಕುರಿತ 120ಕ್ಕೂ ಹೆಚ್ಚು ಮಾನವ ಪ್ರಯೋಗಗಳನ್ನು ಗಮನಕ್ಕೆ ತೆಗೆದುಕೊಂಡು, ಹುಸಿಮಾತ್ರೆಯೊಂದಿಗೆ ಹೋಲಿಸಿ, ಯಾರಿಗೆ ಯಾವುದು ಸಿಕ್ಕಿದೆ ಎಂಬುದು ರೋಗಿಗೂ ವೈದ್ಯರಿಗೂ ತಿಳಿಯದಂತೆ ಗುಟ್ಟು ಕಾಯ್ದು ನಡೆಸಿದ ಯಾವ ಪ್ರಯೋಗವೂ ಯಶಸ್ವಿಯಾಗಿಲ್ಲವೆಂದು ಬರೆಯಿತು. ಆ ತೀರ್ಪನ್ನು ಒಪ್ಪದವರೂ ಇದ್ದಾರೆ. ಆದರೂ ಮನೆಯ ಹಿರಿಯರ ಕಾಯಿಲೆಗೆ ಔಷಧ ಆರಿಸುವಾಗ ನಾನು ಅದನ್ನು ಬದಿಗಿಡಲಾರೆ.

ಈಗ ನಿಮ್ಮ ತಂದೆಯವರ ವಿಷಯ. ಕ್ಯಾಪ್ಸೂಲಿಗೆ ಮುನ್ನ ಎರಡು ಪರೀಕ್ಷೆಗಳಾಗಲಿ. ಮೆಟ್‌ಫಾರ್ಮಿನ್ ಅನ್ನು ವರ್ಷಗಟ್ಟಲೆ ಸೇವಿಸುವವರಲ್ಲಿ ಬಿ12 ಜೀವಸತ್ವ ಕಡಿಮೆಯಾಗುವುದುಂಟು, ಆ ಕೊರತೆಯೂ ಪಾದಗಳಲ್ಲಿ ಉರಿ ಮತ್ತು ಜೋಮು ತರುತ್ತದೆ. ರಕ್ತಪರೀಕ್ಷೆಯಿಂದ ತಿಳಿಯುತ್ತದೆ, ತುಂಬಿಕೊಡಲೂ ಬರುತ್ತದೆ. ಎರಡನೆಯದು 10 ಗ್ರಾಂ ಮಾನೊಫಿಲಮೆಂಟ್ ಪರೀಕ್ಷೆ. ಬೆರಳುದ್ದದ ನೈಲಾನ್ ಎಳೆಯನ್ನು ಕಣ್ಣು ಮುಚ್ಚಿದ ರೋಗಿಯ ಪಾದದ ಅಡಿಗೆ, ಅದು ಬಿಲ್ಲಿನಂತೆ ಬಾಗುವವರೆಗೆ ಮೆಲ್ಲನೆ ಒತ್ತುತ್ತಾರೆ. ಬಾಗಿದ ಕ್ಷಣದಲ್ಲಿ ಬೀಳುವ ಒತ್ತಡ 10 ಗ್ರಾಂ. ಅದು ಅರಿವಿಗೆ ಬಾರದಿದ್ದರೆ ಆ ಪಾದ ಮುಳ್ಳು ಚುಚ್ಚಿದರೂ ಹೇಳಲಾರದ ಸ್ಥಿತಿಗೆ ಬಂದಿದೆ ಎಂದರ್ಥ. ಉರಿಗೆ ಡುಲೋಕ್ಸೆಟಿನ್, ಪ್ರಿಗಾಬಾಲಿನ್‌ನಂಥ ಪರೀಕ್ಷಿತ ಔಷಧಗಳಿವೆ, ವೈದ್ಯರು ಅವರ ವಯಸ್ಸು ಮತ್ತು ಮೂತ್ರಪಿಂಡದ ಸ್ಥಿತಿಯನ್ನು ನೋಡಿ ಆರಿಸುತ್ತಾರೆ.

ಪ್ರಶ್ನೆ: ಒಣಗಿಸಿದ ಎಲೆ, ಬೀಜಗಳನ್ನು ಮನೆಯ ಯಂತ್ರದಲ್ಲಿ ಬಹಳ ನುಣ್ಣಗೆ ಪುಡಿ ಮಾಡಿದರೆ ಅದೂ ನ್ಯಾನೊ ಆಗುವುದಿಲ್ಲವೇ?

ಉತ್ತರ: ಆಗುವುದಿಲ್ಲ. ಮನೆಯಲ್ಲಿ ಎಷ್ಟು ನುಣ್ಣಗೆ ಪುಡಿ ಮಾಡಿದರೂ ಕಣಗಳು ಹತ್ತಾರು ಸಾವಿರ ನ್ಯಾನೊಮೀಟರ್ ಗಾತ್ರದಲ್ಲೇ ಉಳಿಯುತ್ತವೆ. ಅದಕ್ಕಿಂತ ಚಿಕ್ಕದಾದ ಕಣಗಳು ಮತ್ತೆ ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಅವು ಹಾಗೆ ಅಂಟಿಕೊಳ್ಳದಂತೆ ಹೊದಿಕೆ ಕೊಡುವುದರಲ್ಲಿಯೇ ಈ ತಂತ್ರದ ಅರ್ಧ ಕೆಲಸವಿದೆ.

ಪ್ರಶ್ನೆ: ನಾನು ಸ್ನಾತಕೋತ್ತರ ವಿದ್ಯಾರ್ಥಿನಿ. ಮಧುನಾಶಿನಿ ಎಲೆಯ ಸಾರವನ್ನು ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಬೆರೆಸಿ ಬೆಳ್ಳಿಯ ನ್ಯಾನೊ ಕಣಗಳನ್ನು ತಯಾರಿಸಿದ್ದೇನೆ. ದ್ರಾವಣ ಕಂದು ಬಣ್ಣಕ್ಕೆ ತಿರುಗಿತು. ಪಿಷ್ಟವನ್ನು ಜೀರ್ಣಿಸುವ ಆಲ್ಫಾ ಅಮೈಲೇಸ್ ಕಿಣ್ವವನ್ನು ಅದು ಚೆನ್ನಾಗಿ ತಡೆಯುತ್ತದೆ. ಇದನ್ನು ಮಧುಮೇಹದ ತೊಡಕುಗಳಿಗೆ ಔಷಧವೆಂದು ಪ್ರಬಂಧದಲ್ಲಿ ಬರೆಯಬಹುದೇ?

ಉತ್ತರ: ನೀವು ಮಾಡಿದ ಕೆಲಸವನ್ನು ಗೌರವಿಸುತ್ತೇನೆ, ಆದರೆ ಆ ವಾಕ್ಯವನ್ನು ಬರೆಯಬೇಡಿ. ಯಾಕೆಂದು ವಿವರವಾಗಿ ಹೇಳುತ್ತೇನೆ, ಏಕೆಂದರೆ ಈ ಬಗೆಯ ಕೆಲಸಕ್ಕೆ ಕೈಹಾಕುವ ವಿದ್ಯಾರ್ಥಿಗಳು ಬಹಳ ಮಂದಿ, ಮತ್ತು ಎಲ್ಲರೂ ಎಡವುವುದು ಹೆಚ್ಚುಕಡಿಮೆ ಇದೇ ಜಾಗದಲ್ಲಿ.

ಎಲೆಯ ಸಾರದಲ್ಲಿರುವ ಫೀನಾಲ್, ಫ್ಲೇವನಾಯ್ಡ್ ಮುಂತಾದ ವಸ್ತುಗಳು ಬೆಳ್ಳಿಯ ಅಯಾನುಗಳಿಗೆ ಎಲೆಕ್ಟ್ರಾನ್ ಕೊಟ್ಟು ಅವನ್ನು ಲೋಹದ ಬೆಳ್ಳಿಯಾಗಿಸುತ್ತವೆ, ಆಮೇಲೆ ಕಣಗಳ ಸುತ್ತ ಹೊದಿಕೆಯಾಗಿಯೂ ನಿಲ್ಲುತ್ತವೆ. ಕಂದು ಬಣ್ಣ ಬರುವುದು ಕಣಗಳ ಹೊರಮೈಯ ಎಲೆಕ್ಟ್ರಾನ್‌ಗಳು ಬೆಳಕಿನೊಡನೆ ಒಟ್ಟಾಗಿ ತೂಗಾಡುವುದರಿಂದ. ವರ್ಣಮಾಪಕದಲ್ಲಿ 400ರಿಂದ 450 ನ್ಯಾನೊಮೀಟರ್ ನಡುವೆ ಏರುಗೆರೆ ಕಾಣುತ್ತದೆ. ಇಷ್ಟರಿಂದ ಕಣಗಳು ಹುಟ್ಟಿವೆ ಎಂಬುದು ಸಿದ್ಧವಾಗುತ್ತದೆ, ಅಷ್ಟೇ. ಮುಂದೆ ಅವುಗಳ ಗಾತ್ರವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡಿರಬೇಕು, ಹರಳಿನ ರಚನೆಯನ್ನು ಎಕ್ಸ್-ಕಿರಣದಿಂದ ನೋಡಿರಬೇಕು, ಕಣಗಳ ಮೇಲಿನ ವಿದ್ಯುದಂಶವನ್ನು ಅಳೆದಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕಣವಾಗದೆ ಉಳಿದ ಬೆಳ್ಳಿಯ ಅಯಾನುಗಳನ್ನು ತೊಳೆದು ತೆಗೆದಿರಬೇಕು.

ಕಿಣ್ವದ ಪರೀಕ್ಷೆಯಲ್ಲಿ ನೀವು ಹೋಲಿಕೆಗೆ ಏನನ್ನು ಇಟ್ಟಿದ್ದಿರಿ? ಬೆಳ್ಳಿಯ ಅಯಾನು ಪ್ರೋಟೀನಿನ ಗಂಧಕದ ಗುಂಪುಗಳಿಗೆ ಹೋಗಿ ಕಚ್ಚಿಕೊಳ್ಳುವ ಸ್ವಭಾವದ್ದು, ಕಣದ ಹೊರಮೈಗೂ ಪ್ರೋಟೀನುಗಳು ಸುಮ್ಮನೆ ಅಂಟಿಕೊಳ್ಳುತ್ತವೆ. ಹಾಗಾಗಿ ಅಮೈಲೇಸ್ ಇರಲಿ, ಬೇರಾವ ಕಿಣ್ವವೇ ಇರಲಿ, ಅದರ ಮುಂದೆ ಮಂಕಾಗಬಹುದು. ಎಲೆಯ ಸಾರವಷ್ಟೇ ಇರುವ ನಳಿಕೆ, ಬೇರೆ ವಿಧಾನದಿಂದ ಮಾಡಿದ ಬೆಳ್ಳಿಯ ಕಣಗಳಷ್ಟೇ ಇರುವ ನಳಿಕೆ, ಈಗಾಗಲೇ ಔಷಧವಾಗಿರುವ ಅಕಾರ್ಬೋಸ್ ಇರುವ ನಳಿಕೆ ಇವು ಮೂರನ್ನೂ ಪಕ್ಕದಲ್ಲಿಟ್ಟು ನೋಡಿದಾಗ ಮಾತ್ರ ಮಧುನಾಶಿನಿಯ ಪಾಲು ಎಷ್ಟು, ಬೆಳ್ಳಿಯ ಪಾಲು ಎಷ್ಟು ಎಂದು ಹೇಳಲು ಬಂದೀತು. ಮಧುನಾಶಿನಿಯ ಜಿಮ್ನೆಮಿಕ್ ಆಮ್ಲಗಳಿಗೆ ತಮ್ಮದೇ ಆದ ಬೆರಗಿನ ಗುಣವೊಂದಿದೆ. ಆ ಎಲೆಯನ್ನು ಅಗಿದು ಉಗುಳಿ ಬಾಯಿಗೆ ಸಕ್ಕರೆ ಹಾಕಿಕೊಂಡರೆ ಸಿಹಿಯೇ ತಿಳಿಯದೆ ನಾಲಿಗೆಗೆ ಮರಳು ತಾಕಿದಂತಾಗುತ್ತದೆ. ಅವು ಸಿಹಿಯನ್ನು ಗ್ರಹಿಸುವ ಬಾಗಿಲುಗಳಿಗೇ ಹೋಗಿ ಕೂರುತ್ತವೆ. ಇಷ್ಟು ನಿರ್ದಿಷ್ಟವಾಗಿ ಕೆಲಸ ಮಾಡುವ ಅಣುವನ್ನು ಎಲ್ಲಕ್ಕೂ ಅಂಟುವ ಬೆಳ್ಳಿಯ ಜೊತೆ ಕಟ್ಟಿಹಾಕುವುದು ಅದಕ್ಕೆ ಉಪಕಾರವೋ ಅಪಕಾರವೋ ಎಂಬ ಪ್ರಶ್ನೆಯನ್ನು ನಿಮ್ಮ ಪ್ರಬಂಧ ಎತ್ತಿಕೊಳ್ಳಲಿ. ಅದು ನಿಜಕ್ಕೂ ಬೆಲೆಯುಳ್ಳ ಪ್ರಶ್ನೆ.

ಇನ್ನೊಂದು ಮಾತು. ಅಮೈಲೇಸ್ ತಡೆದರೆ ಪಿಷ್ಟ ನಿಧಾನವಾಗಿ ಜೀರ್ಣವಾಗಿ, ಊಟದ ನಂತರದ ಸಕ್ಕರೆಯ ಏರಿಕೆ ತಗ್ಗೀತು. ಅದಕ್ಕೂ ಕಣ್ಣಿನ ಹಿಂಬದಿಯ ಪೊರೆಯಾದ ರೆಟಿನಾದ ರಕ್ತನಾಳದ ಸೋರಿಕೆಗೂ ನಡುವೆ ಬಹಳ ದೂರವಿದೆ. ಬೆಳ್ಳಿಯನ್ನು ದಿನವೂ ನುಂಗುವುದಂತೂ ಸಲ್ಲದು: ಅದು ಚರ್ಮದಲ್ಲಿ ಸೇರಿಕೊಂಡು ಮೈಯನ್ನು ಶಾಶ್ವತವಾಗಿ ನೀಲಿ-ಬೂದು ಬಣ್ಣಕ್ಕೆ ತಿರುಗಿಸುವ ಆರ್ಜೀರಿಯಾ ಎಂಬ ಸ್ಥಿತಿ ಎಂದಿನಿಂದಲೂ ತಿಳಿದದ್ದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಸ್ವಂತ ಚಿಕಿತ್ಸೆಗೆ ಮಾರುವ ಬೆಳ್ಳಿಯ ದ್ರಾವಣಗಳನ್ನು ಸುರಕ್ಷಿತವೆಂದು ಒಪ್ಪಲಾಗದೆಂದು 1999ರಲ್ಲೇ ಹೇಳಿತು.

ಕೊನೆಗೆ ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ನಾನು ಮೊದಲ ಬಾರಿ ತಯಾರಿಸಿದ ಕರ್ಕ್ಯುಮಿನ್ ನ್ಯಾನೊ ಎಮಲ್ಷನ್ ತಿಳಿಯಾಗಿ ಹೊಳೆಯುತ್ತಿತ್ತು. ಅಂದೇ ಅಳೆದು, ಅಂಕಿಗಳನ್ನು ಬರೆದುಕೊಂಡು, ಸೀಸೆಯನ್ನು ಕಪಾಟಿನಲ್ಲಿಟ್ಟೆ. ಮೂರು ವಾರಗಳ ನಂತರ ತೆಗೆದು ನೋಡಿದರೆ ತಳದಲ್ಲಿ ಹಳದಿ ಗಸಿ, ಮೇಲೆ ಎಣ್ಣೆಯ ಉಂಗುರ. ದೊಡ್ಡ ಹನಿಗಳು ಚಿಕ್ಕ ಹನಿಗಳನ್ನು ನುಂಗಿ ಬೆಳೆದಿದ್ದವು. ನಿಮ್ಮ ಕಣಗಳನ್ನು ಮಾಡಿದ ದಿನ ಅಳೆದ ಹಾಗೆಯೇ ಮೂರು ತಿಂಗಳ ಬಳಿಕವೂ ಅಳೆಯಿರಿ.

ಪ್ರಶ್ನೆ: ಸಕ್ಕರೆ ಹೆಚ್ಚಾದರೆ ಕಣ್ಣು, ಕಿಡ್ನಿ ಮತ್ತು ನರಗಳೇ ಏಕೆ ಮೊದಲು ಕೆಡುತ್ತವೆ? ನ್ಯಾನೊ ಕಣಗಳು ಗಿಡಮೂಲಿಕೆಯ ಸಾರವನ್ನು ನೇರವಾಗಿ ಆ ಅಂಗಗಳಿಗೇ ಒಯ್ದು ಮುಟ್ಟಿಸುತ್ತವೆ ಎಂದು ಓದಿದೆ. ಇದು ಸಾಧ್ಯವೇ?

ಉತ್ತರ: ದೇಹದ ಹೆಚ್ಚಿನ ಜೀವಕೋಶಗಳು ರಕ್ತದಲ್ಲಿ ಸಕ್ಕರೆ ಏರಿದಾಗ ಬಾಗಿಲನ್ನು ಓರೆ ಮಾಡಿಕೊಂಡು ಒಳಬರುವ ಪ್ರಮಾಣವನ್ನು ತಗ್ಗಿಸಬಲ್ಲವು. ರೆಟಿನಾದ ಕಿರುನಾಳಗಳ ಒಳಪದರ, ಮೂತ್ರಪಿಂಡದ ಸೋಸುಗೋಳದ ಕೋಶಗಳು, ನರಗಳು ಮತ್ತು ಅವುಗಳನ್ನು ಸುತ್ತಿದ ಕೋಶಗಳಿಗೆ ಆ ಸಾಮರ್ಥ್ಯ ಕಡಿಮೆ. ಒಳನುಗ್ಗಿದ ಸಕ್ಕರೆಯಲ್ಲಿ ಒಂದಷ್ಟು ಸಾರ್ಬಿಟಾಲ್ ಆಗುತ್ತದೆ, ಒಂದಷ್ಟು ಪ್ರೋಟೀನುಗಳಿಗೆ ಅಂಟಿ ಅವನ್ನು ಬಿರುಸಾಗಿಸುತ್ತದೆ, ಇನ್ನೂ ಕೆಲವು ರಾಸಾಯನಿಕ ದಾರಿಗಳು ತೆರೆದುಕೊಳ್ಳುತ್ತವೆ. ಈ ಬಿಡಿಬಿಡಿ ದಾರಿಗಳೆಲ್ಲವೂ ಕೋಶದ ಶಕ್ತಿ ತಯಾರಿಸುವ ಭಾಗವಾದ ಮೈಟೊಕಾಂಡ್ರಿಯಾದಲ್ಲಿ ಮಿತಿಮೀರಿ ಹುಟ್ಟುವ, ಸುತ್ತಲಿನದನ್ನು ಉತ್ಕರ್ಷಿಸಿ ಕೆಡಿಸುವ ಸೂಪರಾಕ್ಸೈಡ್‌ನಿಂದ ಚಾಲನೆ ಪಡೆಯುತ್ತವೆ ಎಂಬ ವಿವರಣೆಯನ್ನು ಅಮೆರಿಕದ ಮಧುಮೇಹ ಸಂಶೋಧಕ ಮೈಕೆಲ್ ಬ್ರೌನ್‌ಲೀ 2001ರಲ್ಲಿ ಮುಂದಿಟ್ಟರು. ಸಸ್ಯಸಾರಗಳ ಮೇಲೆ ಸಂಶೋಧಕರಿಗೆ ಒಲವು ಮೂಡಲು ಇದೇ ಮುಖ್ಯ ಕಾರಣ. ಕರ್ಕ್ಯುಮಿನ್, ಕ್ವೆರ್ಸೆಟಿನ್, ರೆಸ್ವೆರಟ್ರಾಲ್, ಹಸಿರು ಚಹಾದ ಕ್ಯಾಟೆಚಿನ್‌ಗಳು ಇವೆಲ್ಲ ಗಾಜಿನ ನಳಿಕೆಯಲ್ಲಿ ಇಂಥ ಉತ್ಕರ್ಷಣವನ್ನು ತಡೆಯುತ್ತವೆ. ದುರದೃಷ್ಟವಶಾತ್ ಇವುಗಳೆಲ್ಲದರ ಹೀರಿಕೆಯೂ ಕಳಪೆ. ಆ ಕೊರತೆಯನ್ನು ನೀಗಲೆಂದೇ ನ್ಯಾನೊ ವಾಹನ ಬಂದದ್ದು.

ಆದರೆ ‘ನೇರವಾಗಿ ಅಂಗಕ್ಕೆ’ ಎಂಬ ಮಾತು ನುಂಗುವ ಔಷಧಗಳ ಮಟ್ಟಿಗೆ ಬಹುಪಾಲು ಸರಿಯಲ್ಲ. ಬಾಯಿಯ ಮೂಲಕ ಹೋದ ಕಣಗಳಲ್ಲಿ ಹೆಚ್ಚಿನವು ಇಡಿಯಾಗಿ ರಕ್ತಕ್ಕೆ ಹೋಗುವುದೇ ಇಲ್ಲ. ಅವು ಕರುಳಿನ ಲೋಳೆಯವರೆಗೆ ಸರಕನ್ನು ತಂದು ಅಲ್ಲಿ ಇಳಿಸುತ್ತವೆ, ಮುಂದಿನ ಪಯಣ ಸರಕಿನದ್ದೇ. ರಕ್ತಕ್ಕೆ ಸೇರಿದ ಕರ್ಕ್ಯುಮಿನ್‌ಗೆ ತಾನು ನ್ಯಾನೊ ಕಣದಲ್ಲಿ ಬಂದೆನೆಂಬ ನೆನಪೇನೂ ಇರುವುದಿಲ್ಲ. ಅದು ಪುಡಿಯಿಂದ ಬಂದ ಅಣುವಿನಂತೆಯೇ ಆಲ್ಬುಮಿನ್ ಪ್ರೋಟೀನಿಗೆ ಅಂಟಿಕೊಂಡು ಎಲ್ಲೆಡೆಗೂ ಹೋಗುತ್ತದೆ.

ಕಣಗಳನ್ನು ಸೂಜಿಯಿಂದ ರಕ್ತಕ್ಕೇ ಕೊಟ್ಟರೆ ಬೇರೆ ತೊಡಕು. ಕ್ಷಣಾರ್ಧದಲ್ಲಿ ರಕ್ತದ ಪ್ರೋಟೀನುಗಳು ಅವುಗಳ ಮೇಲೆ ಹೊದ್ದುಕೊಳ್ಳುತ್ತವೆ, ಯಕೃತ್ತು ಮತ್ತು ಗುಲ್ಮದ ಭಕ್ಷಕ ಕೋಶಗಳು ಅವನ್ನು ಹಿಡಿದು ನುಂಗುತ್ತವೆ. ಕ್ಯಾನ್ಸರ್ ಗಡ್ಡೆಗಳ ಕುರಿತ ಹತ್ತು ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಪ್ರಾಣಿಗಳಿಗೆ ಚುಚ್ಚಿದ ನ್ಯಾನೊ ಕಣಗಳಲ್ಲಿ ಗಡ್ಡೆಯನ್ನು ತಲುಪಿದ ಪ್ರಮಾಣದ ಮಧ್ಯಾಂಕ ಶೇ 0.7 ಮಾತ್ರ. ಮೂತ್ರಪಿಂಡದ ಸೋಸುಪೊರೆಯಾದರೋ ಸುಮಾರು 6 ನ್ಯಾನೊಮೀಟರಿಗಿಂತ ಚಿಕ್ಕದನ್ನು ಬೇಗನೆ ಸೋಸಿ ಮೂತ್ರಕ್ಕೆ ಬಿಡುತ್ತದೆ, ಅದಕ್ಕಿಂತ ಬಹಳ ದೊಡ್ಡದನ್ನು ತಡೆಯುತ್ತದೆ. ಆ ಪೊರೆಯ ನಡುವಣ ಕೋಶಗಳಿಗೆ ಮಾತ್ರ ಔಷಧ ಸಿಗುವಂತೆ ಗಾತ್ರ ಮತ್ತು ಹೊರಮೈಯನ್ನು ಹೊಂದಿಸುವ ಕೆಲಸ ಪ್ರಯೋಗಾಲಯಗಳಲ್ಲಿ ನಡೆದಿದೆ.

ಈ ಮೂರು ಅಂಗಗಳಲ್ಲಿ ನನಗೆ ಹೆಚ್ಚು ಭರವಸೆಯಿರುವುದು ಕಣ್ಣಿನ ವಿಷಯದಲ್ಲಿ. ಕಣ್ಣಿಗೆ ಹಾಕಿದ ಹನಿಯಲ್ಲಿ ಒಳಗಿಳಿಯುವ ಔಷಧ ಶೇ 5ಕ್ಕಿಂತ ಕಡಿಮೆ. ಉಳಿದದ್ದು ರೆಪ್ಪೆ ಮಿಟುಕಿಸುವಷ್ಟರಲ್ಲಿ ಕೆನ್ನೆಗೆ ಹರಿಯುತ್ತದೆ, ಇಲ್ಲವೇ ಕಣ್ಣೀರಿನ ನಾಳದಿಂದ ಮೂಗಿಗೆ ಇಳಿಯುತ್ತದೆ. ಇಂದು ರೆಟಿನಾದ ಊತವಿರುವವರು ಕಣ್ಣಿನೊಳಕ್ಕೇ ಮತ್ತೆ ಮತ್ತೆ ಚುಚ್ಚುಮದ್ದು ತೆಗೆದುಕೊಳ್ಳಬೇಕಾಗಿದೆ. ಆ ಸೂಜಿಯ ಭಯದಿಂದ ಚಿಕಿತ್ಸೆಯನ್ನೇ ನಿಲ್ಲಿಸಿ ದೃಷ್ಟಿ ಕಳೆದುಕೊಂಡವರನ್ನು ಕಂಡಿದ್ದೇನೆ, ಅವರ ನೆನಪಿನಿಂದಲೇ ಇದನ್ನು ಬರೆಯುತ್ತಿದ್ದೇನೆ. ಕಣ್ಣಿನ ಮೇಲ್ಮೈಗೆ ಅಂಟಿ ನಿಲ್ಲುವ, ಹಿಂಭಾಗದವರೆಗೆ ಔಷಧವನ್ನು ಮುಟ್ಟಿಸುವ ಕಣಗಳು ಸಿದ್ಧವಾದರೆ ಸರಕು ಸಸ್ಯದ್ದೇ ಇರಲಿ ಬೇರೆಯದೇ ಇರಲಿ, ಸಾವಿರಾರು ಮಂದಿಗೆ ಅದು ಬಿಡುಗಡೆ.

ಪ್ರಶ್ನೆ: ಇಲಿಗಳಲ್ಲಿ ಗಿಡಮೂಲಿಕೆಯ ನ್ಯಾನೊ ಔಷಧಗಳು ಮೂತ್ರಪಿಂಡವನ್ನೂ ನರಗಳನ್ನೂ ಸರಿಪಡಿಸಿದವೆಂದು ಎಷ್ಟೋ ವರದಿಗಳು ಬರುತ್ತವೆ. ಹಾಗಿದ್ದರೂ ಅಂಗಡಿಯಲ್ಲಿ ಅನುಮತಿ ಪಡೆದ ಒಂದೂ ಔಷಧ ಸಿಗುವುದಿಲ್ಲವೇಕೆ? ಗಿಡಮೂಲಿಕೆಗಳೆಂಬ ಕಾರಣಕ್ಕೆ ಕಡೆಗಣಿಸುತ್ತಿದ್ದಾರೆಯೇ?

ಉತ್ತರ: ಸಸ್ಯಗಳನ್ನು ಮಧುಮೇಹದ ವೈದ್ಯಶಾಸ್ತ್ರ ಕಡೆಗಣಿಸಿಲ್ಲ, ಅದರ ಎರಡು ದೊಡ್ಡ ಕಂಬಗಳೇ ಸಸ್ಯಗಳಿಂದ ಬಂದವು. ಯುರೋಪಿನ ಗಲೀಗಾ ಎಂಬ ಗಿಡದಲ್ಲಿ ಸಕ್ಕರೆ ಇಳಿಸುವ ಗ್ವಾನಿಡಿನ್ ವರ್ಗದ ವಸ್ತುವಿತ್ತು, ಆದರೆ ಅದು ವಿಷಕಾರಿ. ಆ ವರ್ಗದ್ದೇ ಆದ ಮೆಟ್‌ಫಾರ್ಮಿನ್ ಅನ್ನು 1922ರಲ್ಲಿ ಪ್ರಯೋಗಾಲಯದಲ್ಲಿ ಕಟ್ಟಿದರು, ಫ್ರಾನ್ಸಿನ ಜೀನ್ ಸ್ಟರ್ನ್ 1957ರಲ್ಲಿ ಅದರ ಬಳಕೆಯನ್ನು ವರದಿ ಮಾಡಿದರು. ಸೇಬಿನ ಮರದ ತೊಗಟೆಯಿಂದ 1835ರಲ್ಲಿ ಬೇರ್ಪಡಿಸಿದ ಫ್ಲೊರಿಝಿನ್ ಮೂತ್ರದಲ್ಲಿ ಸಕ್ಕರೆ ಹೋಗುವಂತೆ ಮಾಡುತ್ತಿತ್ತು. ಕರುಳಿನಲ್ಲಿ ಒಡೆದುಹೋಗುವುದರಿಂದ ಅದನ್ನು ಹಾಗೆಯೇ ಕೊಡಲಾಗುತ್ತಿರಲಿಲ್ಲ. ಅದರ ರಚನೆಯನ್ನೇ ತಿದ್ದಿ ರೂಪಿಸಿದ ಗ್ಲಿಫ್ಲೋಝಿನ್ ಮಾತ್ರೆಗಳು 2012ರಿಂದ ಬಳಕೆಗೆ ಬಂದು, ಇಂದು ಮಧುಮೇಹಿಗಳ ಮೂತ್ರಪಿಂಡವನ್ನು ಕಾಯುವ ಮುಖ್ಯ ಔಷಧಗಳಾಗಿವೆ. ಎರಡೂ ಕಡೆ ಹೀರಿಕೆಯ ಅಥವಾ ವಿಷದ ಕೊರತೆಯನ್ನು ನೀಗಿದ್ದು ಅಣುವನ್ನೇ ತಿದ್ದಿ. ನ್ಯಾನೊ ಮಾರ್ಗ ಅಣುವನ್ನು ಮುಟ್ಟದೆ ಹೊದಿಕೆಯಿಂದ ಅದೇ ಕೆಲಸ ಮಾಡಲು ಯತ್ನಿಸುತ್ತದೆ.

ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಇನ್ನೂ ಹತ್ತಿರದ ಉದಾಹರಣೆ. ಶೇ 8ರಷ್ಟು ಕ್ಯಾಪ್ಸೈಸಿನ್ ಇರುವ ಪಟ್ಟಿಯನ್ನು ಮಧುಮೇಹಿಗಳ ಪಾದದ ನರನೋವಿಗೆಂದು ಅಮೆರಿಕದಲ್ಲಿ 2020ರಲ್ಲಿ ಅನುಮೋದಿಸಿದರು. ವೈದ್ಯರ ಸಮ್ಮುಖದಲ್ಲಿ 30 ನಿಮಿಷ ಪಾದಕ್ಕೆ ಹಚ್ಚಿಡುತ್ತಾರೆ, ಅಗತ್ಯವಿದ್ದರೆ ಮೂರು ತಿಂಗಳ ಬಳಿಕ ಮತ್ತೊಮ್ಮೆ. ಸಸ್ಯದ ಅಣುವೊಂದು, ಅದನ್ನು ನೋಯುವ ಜಾಗಕ್ಕೇ ತಲುಪಿಸುವ ಸರಿಯಾದ ವಿಧಾನ, ಮನುಷ್ಯರಲ್ಲಿ ನಡೆಸಿದ ಪ್ರಯೋಗ, ಈ ಮೂರೂ ಕೂಡಿದಾಗ ಅನುಮತಿ ಸಿಕ್ಕಿತು.

ಇನ್ನು ಇಲಿಗಳು. ಆ ವರದಿಗಳಲ್ಲಿ ಬಹಳಷ್ಟು ಕಡೆ ಸ್ಟ್ರೆಪ್ಟೊಝೊಟೊಸಿನ್ ಎಂಬ ವಿಷವನ್ನು ಚುಚ್ಚಿ, ಇನ್ಸುಲಿನ್ ತಯಾರಿಸುವ ಕೋಶಗಳನ್ನು ಕೊಂದು, ಎಳೆಯ ಇಲಿಯಲ್ಲಿ ಕೆಲವೇ ದಿನಗಳಲ್ಲಿ ಮಧುಮೇಹ ತರಿಸುತ್ತಾರೆ. ಎಷ್ಟೋ ಸಲ ಅದೇ ವಾರ ಸಸ್ಯಸಾರವನ್ನೂ ಆರಂಭಿಸುತ್ತಾರೆ. ಮನುಷ್ಯರಲ್ಲಿ ಹತ್ತು ಹದಿನೈದು ವರ್ಷ ತೆಗೆದುಕೊಳ್ಳುವ ಹಾನಿಗೆ ಅಲ್ಲಿ ಸಿಗುವುದು ಕೆಲವು ವಾರಗಳು. ರೆಟಿನಾದಲ್ಲಿ ಹೊಸ ನಾಳಗಳು ಹುಟ್ಟಿ ಒಡೆಯುವ ಕೊನೆಯ ಹಂತವಂತೂ ಆ ಇಲಿಗಳಲ್ಲಿ ಕಾಣುವುದೇ ಇಲ್ಲ. ಪ್ರಮಾಣದ ಲೆಕ್ಕವನ್ನೂ ನೋಡಿ. ಇಲಿಗೆ ಕಿಲೋ ತೂಕಕ್ಕೆ 500 ಮಿಲಿಗ್ರಾಂ ಸಾರ ಕೊಟ್ಟದ್ದು, ರೂಢಿಯ ಪರಿವರ್ತನೆಯಂತೆ ಸುಮಾರು ಆರರಿಂದ ಭಾಗಿಸಿದರೂ, 60 ಕಿಲೋ ತೂಕದ ಮನುಷ್ಯನಿಗೆ ದಿನಕ್ಕೆ 5 ಗ್ರಾಂ ಸಾರವಾಗುತ್ತದೆ. ಈ ಪ್ರಮಾಣವನ್ನು ತಗ್ಗಿಸುವುದರಲ್ಲಿ ನ್ಯಾನೊ ವಿಧಾನ ನಿಜವಾಗಿ ನೆರವಾಗಬಲ್ಲದು.

ಮನುಷ್ಯರಲ್ಲಿ ತೊಡಕು ತಪ್ಪಿತೆಂದು ತೋರಿಸಲು ಎಷ್ಟು ದುಡಿಯಬೇಕು ಎಂಬುದಕ್ಕೆ 1993ರಲ್ಲಿ ಪ್ರಕಟವಾದ ಅಮೆರಿಕ ಮತ್ತು ಕೆನಡಾದ ಡಿಸಿಸಿಟಿ ಅಧ್ಯಯನ ಸಾಕ್ಷಿ. ಮೊದಲ ಬಗೆಯ ಮಧುಮೇಹವಿದ್ದ 1441 ಮಂದಿಯನ್ನು ಸರಾಸರಿ ಆರೂವರೆ ವರ್ಷ ಹಿಂಬಾಲಿಸಿ, ಸಕ್ಕರೆಯನ್ನು ಬಿಗಿಯಾಗಿ ಹಿಡಿತದಲ್ಲಿಟ್ಟವರಲ್ಲಿ ರೆಟಿನಾದ ರೋಗ ಹೊಸದಾಗಿ ಬರುವ ಸಾಧ್ಯತೆ ಶೇ 76ರಷ್ಟು ತಗ್ಗಿತೆಂದು ಅವರು ತೋರಿಸಿದರು. ಸಸ್ಯದ ನ್ಯಾನೊ ಔಷಧಕ್ಕೂ ಇಂಥದೇ ಪರೀಕ್ಷೆ ಬೇಕು. ಅದಕ್ಕಿಂತ ಮೊದಲು ಸರಕು ಪ್ರತಿ ಬಾರಿಯೂ ಒಂದೇ ಆಗಿರಬೇಕು. ಒಂದೇ ಗಿಡದ ಸಾರ ಕೊಯ್ದ ಋತು, ಬಳಸಿದ ಭಾಗ ಮತ್ತು ಕರಗಿಸಿದ ದ್ರವಕ್ಕೆ ತಕ್ಕಂತೆ ಬದಲಾಗುತ್ತದೆ. ಬದಲಾಗುವ ಸರಕನ್ನು ಸೂಕ್ಷ್ಮವಾದ ವಾಹನದಲ್ಲಿ ತುಂಬಿದರೆ ಎರಡರ ಅನಿಶ್ಚಿತತೆಯೂ ಕೂಡಿಕೊಳ್ಳುತ್ತದೆ.

ವಾಹನದ ಸಾಮರ್ಥ್ಯ ಮಾತ್ರ ಈಗಾಗಲೇ ಸಾಬೀತಾದದ್ದು. ಲಿಪೊಸೋಮ್‌ನಲ್ಲಿ ತುಂಬಿದ ಕ್ಯಾನ್ಸರ್ ಔಷಧ ಡಾಕ್ಸೊರುಬಿಸಿನ್‌ಗೆ ಅನುಮತಿ ದೊರೆತದ್ದು 1995ರಲ್ಲಿ. ವಂಶಪಾರಂಪರ್ಯದ ಒಂದು ನರರೋಗಕ್ಕೆ ಕೊಬ್ಬಿನ ನ್ಯಾನೊ ಕಣಗಳಲ್ಲಿ ಕೊಡುವ ಪ್ಯಾಟಿಸಿರಾನ್ 2018ರಲ್ಲಿ ಬಂತು. ಕಣಗಳನ್ನು ಹಿಡಿದುಕೊಳ್ಳುವ ಯಕೃತ್ತಿನ ಸ್ವಭಾವವನ್ನೇ ಅಲ್ಲಿ ಉಪಯೋಗಕ್ಕೆ ತಿರುಗಿಸಿಕೊಂಡರು, ಏಕೆಂದರೆ ಆ ರೋಗದ ಕೆಟ್ಟ ಪ್ರೋಟೀನ್ ತಯಾರಾಗುವುದು ಯಕೃತ್ತಿನಲ್ಲೇ.

ಪ್ರಶ್ನೆ: ನನ್ನ ಪತಿ ಗ್ಲಿಮೆಪಿರೈಡ್ ಮತ್ತು ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಾರೆ. ಅವುಗಳ ಜೊತೆಗೆ ನ್ಯಾನೊ ಬರ್ಬೆರಿನ್ ಮತ್ತು ಪೈಪರಿನ್ ಇರುವ ಕ್ಯಾಪ್ಸೂಲ್ ಆರಂಭಿಸಿದ್ದಾರೆ. ಗಿಡಮೂಲಿಕೆಯಾದ್ದರಿಂದ ಹಾನಿಯಿಲ್ಲ ಎನ್ನುತ್ತಾರೆ.

ಉತ್ತರ: ದಯವಿಟ್ಟು ಆ ಕ್ಯಾಪ್ಸೂಲನ್ನು ನಿಲ್ಲಿಸಿ, ಡಬ್ಬಿಯೊಂದಿಗೆ ವೈದ್ಯರನ್ನು ಕಾಣಲಿ. ಮೂಲ ಮಾತ್ರೆಗಳನ್ನು ಮಾತ್ರ ನಿಲ್ಲಿಸಕೂಡದು. ಪೈಪರಿನ್ ಮತ್ತು ಸಕ್ಕರೆ ಇಳಿಸುವ ಸಸ್ಯವಸ್ತುವಾದ ಬರ್ಬೆರಿನ್ ಎರಡೂ ಯಕೃತ್ತಿನಲ್ಲಿ ಔಷಧಗಳನ್ನು ಒಡೆಯುವ ಕಿಣ್ವಗಳನ್ನು ತಡೆಯುತ್ತವೆ. ಅದರಿಂದ ಬೇರೆ ಮಾತ್ರೆಗಳ ಮಟ್ಟ ರಕ್ತದಲ್ಲಿ ಏರಬಹುದು. ರಕ್ತ ತೆಳುವಾಗಿಸುವ ಔಷಧದ ಮಟ್ಟ ಏರಿದರೆ ರಕ್ತಸ್ರಾವದ ಅಪಾಯ. ಗ್ಲಿಮೆಪಿರೈಡ್ ತಾನೇ ಸಕ್ಕರೆಯನ್ನು ತಟ್ಟನೆ ಇಳಿಸಬಲ್ಲದು, ಬರ್ಬೆರಿನ್ ಅದರ ಜೊತೆಗೂಡಿದರೆ ಬೆವರು, ನಡುಕ, ಮಂಪರು ಬಂದೀತು.

ಹೀರಿಕೆ ಹೆಚ್ಚಿಸುವುದೆಂದರೆ ಅಡ್ಡಪರಿಣಾಮಕ್ಕೂ ಬಾಗಿಲು ತೆರೆಯುವುದೇ. ಅರಿಶಿನದ ಸಾರದಿಂದ ತಯಾರಿಸಿದ ಪೂರಕಗಳನ್ನು ಸೇವಿಸಿದವರಲ್ಲಿ ಯಕೃತ್ತಿನ ಉರಿಯೂತದ ಪ್ರಕರಣಗಳು ಇಟಲಿಯಲ್ಲಿ 2019ರಲ್ಲಿ ಒಟ್ಟಾಗಿ ಬೆಳಕಿಗೆ ಬಂದವು. ಅಮೆರಿಕದಲ್ಲೂ ಅಂಥ 10 ಪ್ರಕರಣಗಳನ್ನು 2022ರಲ್ಲಿ ವರದಿ ಮಾಡಿದರು, ಅವುಗಳಲ್ಲಿ ಕೆಲವು ಪೈಪರಿನ್ ಬೆರೆಸಿದ ಪೂರಕಗಳಿಂದಾದವು. ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ, ಮೈ ತುರಿಕೆ ಶುರುವಾದರೆ ತಡಮಾಡಬಾರದು.

ಪ್ರಶ್ನೆ: ನನ್ನ ತಾಯಿಯ ಹೆಬ್ಬೆರಳ ಬುಡದಲ್ಲಿ ಹುಣ್ಣಾಗಿ ಎರಡು ವಾರವಾಯಿತು. ನೋವಿಲ್ಲ. ಗಿಡಮೂಲಿಕೆ ಮತ್ತು ನ್ಯಾನೊ ಬೆಳ್ಳಿ ಇರುವ ಮುಲಾಮು ಹಚ್ಚುತ್ತಿದ್ದೇವೆ. ಮುಂದುವರಿಸಬಹುದೇ?

ಉತ್ತರ: ಈ ಪತ್ರ ಓದಿ ನನಗೆ ಆತಂಕವಾಯಿತು. ಸಂಪಾದಕರ ಮೂಲಕ ನಿಮಗೆ ಅಂದೇ ಉತ್ತರ ಕಳುಹಿಸಿದ್ದೇನೆ, ಇತರರಿಗೂ ಉಪಯೋಗವಾಗಲೆಂದು ಇಲ್ಲಿ ಮತ್ತೆ ಬರೆಯುತ್ತೇನೆ. ನೋವಿಲ್ಲದಿರುವುದೇ ಇಲ್ಲಿನ ಅಪಾಯ, ನರಗಳು ಮರಗಟ್ಟಿರುವುದರಿಂದ ಆಕೆ ಆ ಹುಣ್ಣಿನ ಮೇಲೆಯೇ ನಡೆಯುತ್ತಿದ್ದಾರೆ. ಕರ್ಕ್ಯುಮಿನ್ ತುಂಬಿದ ನ್ಯಾನೊ ನಾರಿನ ಪಟ್ಟಿಗಳ ಮೇಲೆ ಒಳ್ಳೆಯ ಸಂಶೋಧನೆ ನಡೆಯುತ್ತಿದೆ. ಗಾಯ ಕಣ್ಣಿಗೆ ಕಾಣುವಂಥದ್ದು, ಔಷಧವನ್ನು ಅಲ್ಲಿಗೇ ಇಡಬಹುದು, ಆದ್ದರಿಂದ ಈ ತಂತ್ರಕ್ಕೆ ಅದು ಸಹಜವಾದ ನೆಲ. ಆದರೆ ಮಧುಮೇಹಿಗಳ ಪಾದದ ಕುರಿತ ಅಂತರರಾಷ್ಟ್ರೀಯ ಕಾರ್ಯತಂಡವು 2023ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯು ಗಾಯ ಮಾಗಿಸಲೆಂದು ಸೂಕ್ಷ್ಮಾಣುನಾಶಕ ಪಟ್ಟಿಗಳನ್ನು ಬಳಸಬೇಡಿ ಎನ್ನುತ್ತದೆ. ಬೆಳ್ಳಿಯ ಪಟ್ಟಿಗಳೂ ಆ ಗುಂಪಿನವೇ. ಮೊದಲು ಆಗಬೇಕಾದದ್ದು ಗಾಯದ ಮೇಲಿನ ಭಾರ ಇಳಿಸುವುದು, ಸತ್ತ ಚರ್ಮವನ್ನು ತೆಗೆಯುವುದು, ಪಾದಕ್ಕೆ ರಕ್ತ ಹರಿಯುತ್ತಿದೆಯೇ ಎಂದು ಪರೀಕ್ಷಿಸುವುದು, ಸೋಂಕು ಮೂಳೆಗೆ ಇಳಿದಿದೆಯೇ ಎಂದು ನೋಡುವುದು.

ತಾಯಿಯನ್ನು ಇಂದೇ ವೈದ್ಯರ ಬಳಿಗೆ ಕರೆದೊಯ್ಯಿರಿ, ಹೋಗುವಾಗ ಅವರು ದಿನವೂ ಮೆಟ್ಟುವ ಪಾದರಕ್ಷೆಯನ್ನೂ ತೆಗೆದುಕೊಂಡು ಹೋಗಿ. ನನ್ನಲ್ಲಿಗೆ ಹೀಗೆಯೇ ಬಂದಿದ್ದ ಒಬ್ಬರ ಬೂಟಿನೊಳಗೆ ಕೈಹಾಕಿ ತಡಕಿದಾಗ, ಹುಣ್ಣಿದ್ದ ಜಾಗಕ್ಕೆ ಸರಿಯಾಗಿ ಅಂಗಿಯ ಗುಂಡಿಯೊಂದು ಅಂಟಿಕೊಂಡಿತ್ತು. ಒಂದು ತಿಂಗಳಿನಿಂದ ಅವರು ಅದರ ಮೇಲೆ ನಡೆಯುತ್ತಲೇ ಇದ್ದರು.